ಕೋವಿಯ ಮರ

೧

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಲೋಹದ ಚರಿತ್ರೆಯನ್ನೇ ಬರೆದಿದ್ದಾರೆ. ಕತ್ತಿಯ ಮಾತು ಬಂದರೆ ಅಲಗಿನ ಉಕ್ಕನ್ನೂ, ಫಿರಂಗಿಯ ಮಾತು ಬಂದರೆ ಎರಕದ ಕೌಶಲವನ್ನೂ, ಕೋವಿಯ ಮಾತು ಬಂದರೆ ನಳಿಗೆಯ ಉದ್ದವನ್ನೂ ಕುದುರೆಯ ರಚನೆಯನ್ನೂ ವರ್ಣಿಸಿ ಮುಗಿಸುವುದು ವಾಡಿಕೆ. ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಲೋಹ ಬಹುಕಾಲ ಬಾಳುತ್ತದೆ. ಅದರ ಮೇಲೆ ಒಡೆಯನ ಹೆಸರನ್ನೂ ವರ್ಷವನ್ನೂ ಕೊರೆಯಬಹುದು. ಮರವಾದರೋ ಗೆದ್ದಲಿಗೆ ಆಹಾರವಾಗುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮುರಿದರೆ ಒಲೆಗೆ ಹೋಗುತ್ತದೆ. ನಳಿಗೆಯೊಂದೇ ಆಗಿದ್ದು, ಅದಕ್ಕೆ ತೊಡಿಸಿದ ಮರ ಎರಡು ಮೂರು ಸಲ ಬದಲಾಗಿರುವುದೂ ಉಂಟು.

ಆದರೂ ಕೋವಿಯಲ್ಲಿ ಮನುಷ್ಯನ ಮೈಗೆ ತಗಲುವ ಭಾಗ ಮರವೇ. ಭುಜಕ್ಕೆ ಆನುವುದು ಮರ, ಕೆನ್ನೆಗೆ ತಾಗುವುದು ಮರ, ಎಡಗೈ ಹೊರುವುದು ಮರ, ಬಲಗೈ ಹಿಡಿಯುವುದು ಮರ. ಮದ್ದು ಸಿಡಿದಾಗ ಹಿಂದಕ್ಕೆ ಒದೆಯುವ ಬಲವನ್ನು ತಾನು ನುಂಗಿ ಮೈಗೆ ಹಂಚಿಕೊಡುವುದೂ ಮರವೇ. ಕೋವಿ ಯಾರದು, ಯಾವ ಕಾಲದ್ದು ಎಂಬುದನ್ನು ಕಬ್ಬಿಣ ಹೇಳಿದರೆ, ಅದನ್ನು ಹಿಡಿದವನು ಎಂಥವನು, ಹೇಗೆ ಹಿಡಿದನು ಎಂಬುದನ್ನು ಮರ ಹೇಳುತ್ತದೆ. ಈ ಎರಡನೆಯ ಸಾಕ್ಷ್ಯವನ್ನು ನಾವು ಇನ್ನೂ ಸರಿಯಾಗಿ ವಿಚಾರಿಸಿಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯ.

ಸಾಹಿತ್ಯವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಕೋವಿಯ ಮರಕ್ಕೆ ಪ್ರಸಕ್ತಿಯೇನೆಂದು ವಾಚಕರು ಕೇಳಬಹುದು. ಇದಕ್ಕೆ ಸಮಾಧಾನ ಎರಡು. ಸಂಸ್ಕೃತ ನೀತಿಗ್ರಂಥವೊಂದರ ಕಾಲನಿರ್ಣಯಕ್ಕೆ ಈ ಮರದಿಂದ ಸಹಾಯವುಂಟೆಂಬುದು ಮೊದಲನೆಯದು. ಬಡಗಿಯ ಉಳಿಯೊಡನೆ ಬೆಳೆದ ಕನ್ನಡ ಪದಗಳು ಆ ಉಳಿಯೊಡನೆಯೇ ಮರೆಯಾಗುತ್ತಿವೆಯೆಂಬುದು ಎರಡನೆಯದು. ಪದಗಳ ರಕ್ಷಣೆ ನಮ್ಮ ಕರ್ತವ್ಯವಲ್ಲದೆ ಮತ್ತಾರದು?

೨

ಮೊದಲು ಪದಗಳನ್ನೇ ನೋಡೋಣ. ನಮ್ಮಲ್ಲಿ ಈ ಆಯುಧಕ್ಕೆ ಮೂರು ಹೆಸರುಗಳು ರೂಢವಾಗಿವೆ: ಕೋವಿ, ತುಪಾಕಿ, ಬಂದೂಕು. ಇವುಗಳಲ್ಲಿ ಕೋವಿಯೆಂಬುದು ಅಚ್ಚಗನ್ನಡದ ಮಾತು. ಕೊಳವೆ, ಟೊಳ್ಳಾದ ನಾಳ ಎಂಬುದು ಇದರ ಮೂಲಾರ್ಥ; ಆಯುಧವೆಂಬ ಅರ್ಥ ಅನಂತರ ಬಂದದ್ದು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಈ ಎರಡು ಅರ್ಥಗಳನ್ನೂ ಕಾಣಬಹುದು. ತುಪಾಕಿಯು ತುರ್ಕಿಯ ತುಫೆಕ್, ಪಾರಸಿಯ ತುಫಂಗ್ ಎಂಬ ಮಾತುಗಳ ಬಳಗಕ್ಕೆ ಸೇರಿದುದು. ಬಂದೂಕಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅರಬ್ಬಿಯಲ್ಲಿ ಬುಂದುಕ್ ಎಂದರೆ ಗಟ್ಟಿ ಸಿಪ್ಪೆಯ ಒಂದು ಬಗೆಯ ಕಾಯಿ. ಗ್ರೀಕರು ಪೊಂಟಸ್ ಪ್ರಾಂತದ ಕಾಯಿಯೆಂದು ಕರೆಯುತ್ತಿದ್ದುದೇ ಅರಬ್ಬರ ಬಾಯಲ್ಲಿ ಹೀಗಾಯಿತು. ಕಾಯಿಯ ಹೆಸರು ಅದೇ ಆಕಾರದ ಗುಂಡಿಗೆ ಬಂತು; ಗುಂಡಿನ ಹೆಸರು ಗುಂಡನ್ನು ಹಾರಿಸುವ ಯಂತ್ರಕ್ಕೆ ಬಂತು.

ಈ ಮೂರು ಹೆಸರುಗಳಲ್ಲಿ ಒಂದಾದರೂ ಮರವನ್ನು ಸೂಚಿಸುವುದಿಲ್ಲವೆಂಬುದು ಗಮನಿಸತಕ್ಕ ವಿಷಯ. ಒಂದು ನಾಳವನ್ನು ಹೇಳಿತು, ಮತ್ತೊಂದು ಗುಂಡನ್ನು ಹೇಳಿತು. ಆಯುಧದ ಒಳಗಿನ ಅಂಗಗಳಿಗೂ ಹೆಸರುಗಳು ಬೆಳೆದವು: ನಳಿಗೆ, ಕುದುರೆ, ಬತ್ತಿ, ಸಲಾಕೆ. ಮಲೆನಾಡಿನವರು ಕೋವಿಗಳನ್ನು ಅವುಗಳ ಜಾತಿಯಿಂದ ಗುರುತಿಸಿ ಕೇಪಿನ ಕೋವಿ, ತೋಟಾ ಕೋವಿ, ಒಂಟಿನಳಿಗೆಯದು, ಜೋಡುನಳಿಗೆಯದು ಎಂದರು. ಇಲ್ಲಿಯೂ ವಿಭಾಗಕ್ಕೆ ಆಧಾರ ಲೋಹವೇ. ಮರದ ಭಾಗವನ್ನು ಹಿಂದೂಸ್ತಾನಿಯವರು ಕುಂದಾ ಎಂದರು. ಆ ಮಾತಿಗೆ ಮರದ ದಿಮ್ಮಿಯೆಂದೂ ಅರ್ಥವುಂಟು. ನಮ್ಮವರು ಬುಡ, ಹಿಡಿ ಎಂಬ ಸಾಮಾನ್ಯ ಪದಗಳಿಂದಲೇ ಕೆಲಸ ನಡೆಸಿದರು. ಈಚಿನ ಬೇಟೆಗಾರರ ಬಾಯಲ್ಲಿ ಬಟ್ಟು ಎಂಬ ಇಂಗ್ಲಿಷಿನ ಮಾತು ನೆಲಸಿತು. ಮುಂದೆ ನಾವು ನಳಿಗೆಯನ್ನು ಹೊತ್ತಿರುವ ಇಡೀ ಮರದ ಅಂಗಕ್ಕೆ ‘ಕೋವಿಯ ಮರ’ವೆಂದೂ, ಭುಜಕ್ಕೆ ಆನುವ ಹಿಂಭಾಗಕ್ಕೆ ‘ಬುಡ’ವೆಂದೂ, ಬಲಗೈ ಹಿಡಿಯುವ ಸಣ್ಣ ನಡುವಿಗೆ ‘ಮಣಿಕಟ್ಟು’ ಎಂದೂ ವ್ಯವಹರಿಸುತ್ತೇವೆ.

೩

ಈ ಬುಡವೆಂಬ ಮಾತಿಗೆ ಸಂಸ್ಕೃತದಲ್ಲಿ ಒಂದು ಪ್ರತಿರೂಪವಿದೆ. ಶುಕ್ರನೀತಿಯ ನಾಲ್ಕನೆಯ ಅಧ್ಯಾಯದಲ್ಲಿ ಸೇನಾಪ್ರಕರಣದಲ್ಲಿ ನಾಲಿಕವೆಂಬ ಆಯುಧದ ಲಕ್ಷಣವು ಬರುತ್ತದೆ. ಅದು ಬೃಹತ್ತೆಂದೂ ಕ್ಷುದ್ರವೆಂದೂ ಎರಡು ವಿಧ. ಚಿಕ್ಕದಾದ ಲಘುನಾಲಿಕದ ನಾಳ ಐದು ವಿತಸ್ತಿಗಳಷ್ಟು ಉದ್ದ. ಗುರಿ ನೋಡುವುದಕ್ಕೆ ಬುಡದಲ್ಲಿಯೂ ತುದಿಯಲ್ಲಿಯೂ ಎಳ್ಳುಕಾಳಿನಂಥ ಬಿಂದುಗಳು. ಯಂತ್ರದ ಹೊಡೆತದಿಂದ ಬೆಂಕಿಯನ್ನು ಹುಟ್ಟಿಸುವ ಕಲ್ಲು, ಮದ್ದಿನ ಪುಡಿ ಇವುಗಳಿಗೆ ಆಶ್ರಯವಾಗಿ ಮೂಲದಲ್ಲಿ ಒಂದು ಕರ್ಣ. ಒಳಗೆ ಒಂದು ಅಂಗುಲದ ರಂಧ್ರ. ಮದ್ದನ್ನು ಗಿಡಿಯುವುದಕ್ಕೆ ಶಲಾಕೆ. ಉಪಾಂಗವೂ ಬುಧ್ನವೂ ಒಳ್ಳೆಯ ಮರದವು. ಕಾಲಾಳೂ ರಾವುತನೂ ಇದನ್ನು ಧರಿಸಬೇಕೆಂದು ವಿಧಿ. ಶಲಾಕೆಯೇ ನಮ್ಮ ಸಲಾಕೆಯೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಬುಧ್ನವೆಂದರೇನು? ಅಮರಸಿಂಹನು ವನೌಷಧಿವರ್ಗದಲ್ಲಿ ಮರದ ಅಂಗಗಳನ್ನು ಹೇಳುವಾಗ ಈ ಮಾತನ್ನು ಮೂಲಕ್ಕೆ ಪರ್ಯಾಯವಾಗಿ ಕೊಟ್ಟಿದ್ದಾನೆ. ಎಂದರೆ ಅದು ಮರದ ಬುಡ. ಆಯುಧದ ಹಿಂಭಾಗಕ್ಕೆ ಆ ಮಾತನ್ನು ಬಳಸಿದ ಶುಕ್ರನೀತಿಕಾರನೂ ಕೋವಿಯ ಹಿಂಭಾಗವನ್ನು ಬುಡವೆಂದ ನಮ್ಮ ಹಳ್ಳಿಯವನೂ ಒಂದೇ ಉಪಮೆಯನ್ನು ಹಿಡಿದಿದ್ದಾರೆ. ಇದರಲ್ಲಿ ಇನ್ನೂ ಒಂದು ಔಚಿತ್ಯವುಂಟು. ಒಳ್ಳೆಯ ಬುಡಗಳಿಗೆ ಮರದ ಬೇರಿಗೆ ಹತ್ತಿರವಾದ ಭಾಗವನ್ನೇ ಕಸಬುದಾರರು ಆರಿಸುತ್ತಾರೆ. ಅಲ್ಲಿ ಎಳೆಗಳು ಹೆಣೆದುಕೊಂಡು ಬಲವೂ ಚೆಲುವೂ ಕೂಡಿರುತ್ತವೆ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಗುಸ್ಟಾವ್ ಓಪರ್ಟರು ೧೮೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಕರಣವನ್ನು ಆಧಾರವಾಗಿಟ್ಟುಕೊಂಡು, ಪ್ರಾಚೀನ ಭಾರತೀಯರಿಗೆ ಮದ್ದುಗುಂಡಿನ ಆಯುಧಗಳು ತಿಳಿದಿದ್ದುವೆಂದು ವಾದಿಸಿದರು. ಆ ವಾದ ನಮ್ಮ ಅಭಿಮಾನಕ್ಕೆ ಹಿತವಾಗಿದ್ದುದರಿಂದ ಬಹುಕಾಲ ಬಹುಮಂದಿಯ ಬಾಯಲ್ಲಿ ನಡೆಯಿತು. ಆದರೆ ಅಭಿಮಾನ ಬೇರೆ, ಪ್ರಮಾಣ ಬೇರೆ. ೧೯೬೨ರಲ್ಲಿ ಲಲ್ಲನ್‌ಜಿ ಗೋಪಾಲರು ಶುಕ್ರನೀತಿಯನ್ನು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದು ಪ್ರತಿಪಾದಿಸಿದರು. ಗ್ರಂಥದ ಎಲ್ಲ ಭಾಗಗಳಿಗೂ ಆ ತೀರ್ಮಾನವನ್ನು ಒಪ್ಪುವುದೋ ಬಿಡುವುದೋ, ನಾಲಿಕಪ್ರಕರಣದ ಮಟ್ಟಿಗೆ ಆಯುಧದ ರಚನೆಯೇ ಸಾಕ್ಷಿ ನುಡಿಯುತ್ತದೆ. ಕಲ್ಲನ್ನು ಉಕ್ಕಿಗೆ ಹೊಡೆಸಿ ಕಿಡಿ ಹುಟ್ಟಿಸುವ ಕೋವಿಯು ಯೂರೋಪಿನಲ್ಲಿಯೇ ಹದಿನೇಳನೆಯ ಶತಮಾನದ ಆದಿಯಲ್ಲಿ ಸಿದ್ಧರೂಪಕ್ಕೆ ಬಂದದ್ದು. ನಮ್ಮ ದೇಶದ ಸೇನೆಗಳಲ್ಲಿ ಅದು ಹರಡಿದ್ದು ಹದಿನೆಂಟರಲ್ಲಿ. ಅದಕ್ಕೆ ಮೊದಲು ನಮ್ಮಲ್ಲಿದ್ದುದು ಉರಿಯುವ ಬತ್ತಿಯಿಂದ ಹೊತ್ತಿಸುವ ಕೋವಿ. ಬತ್ತಿಯ ಸುಳಿವೇ ಇಲ್ಲದೆ ಹೊಡೆತದ ಯಂತ್ರವನ್ನು ಹೇಳುವ ಲಕ್ಷಣವು ಆ ಕಾಲಕ್ಕಿಂತ ಹಿಂದಿನದಾಗಲಾರದು.

ಅಳತೆಯೂ ಇದಕ್ಕೆ ಅನುಕೂಲವಾಗಿದೆ. ವಿತಸ್ತಿಯೆಂದರೆ ಹನ್ನೆರಡು ಅಂಗುಲ, ಅರ್ಧ ಹಸ್ತ, ಇಂದಿನ ಲೆಕ್ಕದಲ್ಲಿ ಒಂಬತ್ತು ಇಂಚು. ಐದು ವಿತಸ್ತಿಗೆ ೪೫ ಇಂಚಾಯಿತು. ಹದಿನೆಂಟನೆಯ ಶತಮಾನದ ಫ್ರೆಂಚ್ ಸೈನಿಕರ ಶಾರ್ಲೆವಿಲ್ ಬಂದೂಕಿನ ನಳಿಗೆ ಹೆಚ್ಚುಕಡಮೆ ಇಷ್ಟೇ ಉದ್ದ. ಇಂಗ್ಲಿಷರ ಬಂದೂಕಿನದು ೪೬, ೪೨, ೩೯ ಇಂಚುಗಳೆಂದು ಕಾಲಕ್ರಮದಲ್ಲಿ ಗಿಡ್ಡವಾಗುತ್ತ ಬಂತು. ಈ ಸಾಮ್ಯವೊಂದರಿಂದಲೇ ನಿರ್ಣಯ ಮಾಡುವುದು ಸಾಹಸವಾದೀತು. ಆದರೆ ಕಲ್ಲು, ಶಲಾಕೆ, ಎರಡು ಗುರಿಬಿಂದುಗಳು, ಮರದ ಬುಡ ಇವೆಲ್ಲವೂ ಒಂದೆಡೆ ಸೇರಿದಾಗ ಶಾಸ್ತ್ರಕಾರನ ಕಣ್ಣಮುಂದೆ ಇದ್ದುದು ಕಂಪೆನಿ ಕಾಲದ ಸಿಪಾಯಿಯ ಬಂದೂಕೇ ಎಂದು ಊಹಿಸಲು ಅಡ್ಡಿಯಿಲ್ಲ. ಇದರಿಂದ ಗ್ರಂಥಕ್ಕೆ ಅಗೌರವವೇನೂ ಇಲ್ಲ. ತನ್ನ ಕಾಲದ ಹೊಸ ಯಂತ್ರವನ್ನು ಕಂಡು ಅದರ ಅಂಗಾಂಗಗಳಿಗೆ ಸಂಸ್ಕೃತದಲ್ಲಿ ಹೆಸರಿಟ್ಟು, ಮರವನ್ನೂ ಮರೆಯದೆ ಹೇಳಿದ ಪಂಡಿತನು ಪ್ರಶಂಸಾರ್ಹನೇ.

೪

ಇನ್ನು ನಮ್ಮ ನಾಡಿನ ಸಂಗತಿ. ೧೫೧೦ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಅಲ್ಲಿನ ದೇಶೀಯ ಕಸಬುದಾರರ ಕೈಯಿಂದಲೇ ಕೋವಿಗಳು ತಯಾರಾಗತೊಡಗಿದವು. ಅವು ಬೊಹೀಮಿಯಾದವುಗಳಿಗೆ ಸಮಾನವೆಂದು ಆಲ್ಬುಕರ್ಕನು ೧೫೧೩ರಲ್ಲಿ ತನ್ನ ದೊರೆಗೆ ಬರೆದು ತಿಳಿಸಿದ್ದಾನೆ. ೧೫೨೦ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ಕ್ರಿಸ್ತೊವಾಂವ್ ದೆ ಫಿಗೆರೆದೊ ಎಂಬವನು ಕೋವಿಯವರನ್ನು ಕೂಡಿಕೊಂಡು ಕೋಟೆಯ ಮೇಲಿನವರಿಗೆ ಗುರಿಯಿಟ್ಟು ಹೊಡೆದ ವೃತ್ತಾಂತವನ್ನು ನೂನಿಜನು ವಿಸ್ತಾರವಾಗಿ ವರ್ಣಿಸಿದ್ದಾನೆ. ಗುರಿಯಿಟ್ಟು ಹೊಡೆಯುವುದೆಂದರೆ ಕೋವಿಯನ್ನು ಕಣ್ಣಿನ ನೇರಕ್ಕೆ ತಂದು ಮೈಗೆ ಒತ್ತಿ ಹಿಡಿಯುವುದು. ಇಲ್ಲಿಂದ ಮುಂದೆ ಮರದ ಆಕಾರ ಮುಖ್ಯವಾಗುತ್ತದೆ.

ಈ ಪೋರ್ಚುಗೀಸ್ ಪರಂಪರೆಯಿಂದ ಪಶ್ಚಿಮ ಕರಾವಳಿಯಲ್ಲಿ ಹಬ್ಬಿದ ಬತ್ತಿಯ ಕೋವಿಗಳ ಬುಡ ಗಿಡ್ಡ, ಕೆಳಕ್ಕೆ ಬಾಗಿದುದು. ಅದನ್ನು ಭುಜಕ್ಕೆ ಆನಿಸುವಂತಿಲ್ಲ. ಕೆನ್ನೆಗೆ ಒತ್ತಿ ಹಾರಿಸಬೇಕು. ಮಲೆಯಾಳ, ಸಿಂಹಳಗಳ ಹಳೆಯ ಕೋವಿಗಳಲ್ಲಿ ಈ ಲಕ್ಷಣವನ್ನು ಕಾಣಬಹುದು. ೧೫೪೩ರಲ್ಲಿ ಪೋರ್ಚುಗೀಸರಿಂದಲೇ ಕೋವಿಯನ್ನು ಪಡೆದ ಜಪಾನಿನವರೂ ಮುಂದೆ ಮುನ್ನೂರು ವರ್ಷ ಕೆನ್ನೆಗೆ ಆನುವ ಗಿಡ್ಡ ಬುಡವನ್ನೇ ಉಳಿಸಿಕೊಂಡರು. ಒಂದೇ ತಾಯಿಯ ಮಕ್ಕಳು ಒಬ್ಬಳು ಮಲೆಯಾಳದಲ್ಲಿಯೂ ಒಬ್ಬಳು ಜಪಾನಿನಲ್ಲಿಯೂ ಬೆಳೆದಂತೆ ಈ ಸಾಮ್ಯ. ಉತ್ತರ ಹಿಂದೂಸ್ಥಾನದ ತೋಡೇದಾರ್ ಕೋವಿಯದು ಬೇರೆ ವಂಶ. ಅದರ ಬುಡ ನೀಳ, ನೇರ, ಪಟ್ಟೆಪಟ್ಟೆಯಾದ ಮುಖಗಳುಳ್ಳದು. ನಳಿಗೆಯ ಶಾಸನವನ್ನು ಓದದೆಯೇ, ಬುಡದ ಬಾಗನ್ನು ನೋಡಿ ಈ ಎರಡು ವಂಶಗಳನ್ನು ಬೇರ್ಪಡಿಸಬಹುದು.

ಮೂರನೆಯ ವಂಶ ಭುಜಕ್ಕೆ ಆನುವ ಯೂರೋಪಿನ ಬುಡದ್ದು. ಇದು ನಮ್ಮಲ್ಲಿ ಪೂರ್ಣವಾಗಿ ನೆಲಸಿದುದು ಹೈದರ್ ಅಲಿ, ಟೀಪೂ ಸುಲ್ತಾನರ ಕಾಲದಲ್ಲಿ. ಟೀಪುವು ಫ್ರಾನ್ಸಿಗೆ ಕಳುಹಿಸಿದ ರಾಯಭಾರಿಗಳನ್ನು ೧೬ನೆಯ ಲೂಯಿಯು ೧೭೮೮ರ ಆಗಸ್ಟ್ ೧೦ರಂದು ವರ್ಸೇಲ್ಸಿನಲ್ಲಿ ಎದುರುಗೊಂಡನು. ನುರಿತ ಕಸಬುದಾರರನ್ನು ಪಡೆಯುವುದೂ ಆ ರಾಯಭಾರದ ಉದ್ದೇಶಗಳಲ್ಲಿ ಒಂದಾಗಿತ್ತು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಆದ ಕೆಲಸದ ಪ್ರಮಾಣವನ್ನು ೧೭೯೯ರ ಮೇ ೪ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಮಾಡಿದ ಪಟ್ಟಿಯಿಂದ ತಿಳಿಯಬಹುದು. ಬೀಟ್ಸನ್ನನು ೧೮೦೦ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಅಲ್ಲಿ ೯೨೯ ಫಿರಂಗಿಗಳೂ ಸುಮಾರು ೯೯,೦೦೦ ಬಂದೂಕುಗಳೂ ದೊರೆತವು. ಸಣ್ಣ ಆಯುಧಗಳನ್ನು ಮಾಡಿ ಪೂರೈಸುವುದಕ್ಕೆ ೧೧ ಶಾಲೆಗಳೂ, ಫಿರಂಗಿ ಎರಕಕ್ಕೆ ೨ ಮನೆಗಳೂ, ನಳಿಗೆ ಕೊರೆಯುವ ಯಂತ್ರಗಳಿದ್ದ ೩ ಕಟ್ಟಡಗಳೂ ಇದ್ದವು.

ಮಾಡುವುದು ಒಂದು, ಪೂರೈಸುವುದು ಒಂದು. ನಳಿಗೆ ಕಮ್ಮಾರನಿಂದ ಬರುತ್ತದೆ, ಕುದುರೆ ಮತ್ತೊಬ್ಬ ನಿಪುಣನಿಂದ ಬರುತ್ತದೆ. ಇವೆರಡನ್ನೂ ಕೂಡಿಸಿ ಆಯುಧವನ್ನಾಗಿ ಮಾಡುವವನು ಬಡಗಿ. ೯೯,೦೦೦ ಬಂದೂಕುಗಳೆಂದರೆ ೯೯,೦೦೦ ಮರಗಳು. ಅವುಗಳಲ್ಲಿ ಹೊರಗಿನಿಂದ ಬಂದವೂ ಇದ್ದವೆಂಬುದು ನಿಜ. ಆದರೆ ದಂಡಿನಲ್ಲಿ ಮೊದಲು ಮುರಿಯುವುದು ಮರವಾದ್ದರಿಂದ, ಅವುಗಳ ದುರಸ್ತಿಗೂ ಬಡಗಿಯೇ ಬೇಕು.

ಟೀಪುವಿನ ಸ್ವಂತ ಬೇಟೆಯ ಕೋವಿಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ಬೆಳ್ಳಿಯ ತೊಡಿಗೆ, ಹುಲಿಯ ಮುಖ, ಬಬ್ರಿಯೆಂಬ ಹುಲಿಪಟ್ಟೆ ಇವು ಅವುಗಳ ಅಲಂಕಾರ. ೧೯೯೨ರಲ್ಲಿ ರಾಬಿನ್ ವಿಗಿಂಗ್ಟನ್ನರು ಈ ಕೋವಿಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದರು. ಅಂಥ ಒಂದು ಕೋವಿಯು ಅಸದ್ ಖಾನ್ ಮುಹಮ್ಮದನೆಂಬ ಕರ್ಮಿಯ ಕೆಲಸ; ಶ್ರೀರಂಗಪಟ್ಟಣದ್ದು, ಮೌಲೂದಿ ೧೨೨೨ನೆಯ ವರ್ಷದ್ದು. ಟೀಪುವಿನ ಮೌಲೂದಿ ವರ್ಷಗಳು ನಮ್ಮ ಅರುವತ್ತು ಸಂವತ್ಸರಗಳ ಚಕ್ರವನ್ನೇ ಅನುಸರಿಸುತ್ತಿದ್ದುದರಿಂದ ಅದು ಪ್ರಮಾದೀಚ ಸಂವತ್ಸರ, ಎಂದರೆ ೧೭೯೩-೯೪. ಹೆಸರು, ಊರು, ವರ್ಷ ಎಲ್ಲವೂ ಲೋಹದ ಮೇಲೆ. ಮರವನ್ನು ಕಡೆದವನ ಹೆಸರಿಗೆ ಮರದ ಮೇಲೆ ಜಾಗವಿರಲಿಲ್ಲ.

೫

ಯಾವ ಮರವೆಂಬುದನ್ನು ಇನ್ನು ವಿಚಾರಿಸಬೇಕು. ಶುಕ್ರನೀತಿಯು ಒಳ್ಳೆಯ ಮರವೆಂದಷ್ಟೇ ಹೇಳಿತು. ಲೋಕದ ಕಸಬುದಾರರು ಬಹುಮಟ್ಟಿಗೆ ಒಪ್ಪಿಕೊಂಡದ್ದು ಅಕ್ಷೋಟವನ್ನು, ಹಿಂದೂಸ್ತಾನಿಯ ಅಖರೋಟನ್ನು. ಅಮರನು ಇದನ್ನು ಬೆಟ್ಟದಲ್ಲಿ ಹುಟ್ಟುವುದೆಂದು ಹೇಳಿದ್ದಾನೆ. ಹಿಮವತ್ಪ್ರಾಂತವೇ ಅದರ ನೆಲೆ. ಅದು ಹಗುರ, ಆದರೂ ಗಟ್ಟಿ. ಉಳಿಗೆ ಬಾಗುತ್ತದೆ, ಸೀಳುವುದಿಲ್ಲ. ಒಮ್ಮೆ ಒಣಗಿದರೆ ಮಳೆಗಾಲ ಬೇಸಗೆಗಳಲ್ಲ ಹಿಗ್ಗಿ ಕುಗ್ಗುವುದು ಕಡಮೆ. ಬಂದೂಕಿನ ಹೆಸರು ಒಂದು ಕಾಯಿಯಿಂದ ಬಂದರೆ ಅದರ ಮೈ ಮತ್ತೊಂದು ಕಾಯಿಯ ಮರದಿಂದ ಬಂದದ್ದು ಕಾಕತಾಳೀಯವಾದರೂ ಸೊಗಸಾಗಿದೆ.

ಕನ್ನಡ ನಾಡಿನಲ್ಲಿ ಅಕ್ಷೋಟ ಬೆಳೆಯುವುದಿಲ್ಲ. ನಮ್ಮ ಬಡಗಿಗೆ ಒದಗಿದ ದೊಡ್ಡ ಮರಗಳು ಬೀಟೆ ಮತ್ತು ತೇಗ. ಎರಡಕ್ಕೂ ಗುಣವುಂಟು, ದೋಷವುಂಟು. ಬೀಟೆಯ ಬಣ್ಣಕ್ಕೂ ಗಟ್ಟಿತನಕ್ಕೂ ಸಮನಿಲ್ಲ. ಫಿರಂಗಿ ಬಂಡಿಗಳಿಗೆ ಅದನ್ನು ಬಳಸುತ್ತಿದ್ದುದಕ್ಕೆ ಇದೇ ಕಾರಣ. ಆದರೆ ಅದು ಭಾರ. ಒಂದು ಘನ ಅಡಿ ಅಕ್ಷೋಟ ಸುಮಾರು ೪೦ ಪೌಂಡು ತೂಗಿದರೆ ಬೀಟೆ ೫೦ಕ್ಕೂ ಮೀರುತ್ತದೆ. ದಿನವೆಲ್ಲ ಹೊತ್ತು ನಡೆಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗೆಯೇ ಭಾರವಾದ ಕೋವಿ ಕಡಮೆ ಒದೆಯುತ್ತದೆಂಬುದೂ ನಿಜ. ತೇಗ ತೂಕದಲ್ಲಿ ಅಕ್ಷೋಟಕ್ಕೆ ಸಮೀಪ, ಗೆದ್ದಲಿಗೆ ಜಗ್ಗದು; ಆದರೆ ಎಳೆಯ ದಾರಿಯಲ್ಲಿ ಬೇಗ ಸೀಳುತ್ತದೆ, ಅದರ ಸಹಜವಾದ ಎಣ್ಣೆ ಅಂಟು ಹಿಡಿಯಗೊಡದು.

ಫ್ರಾನ್ಸಿಸ್ ಬುಕಾನನ್ನನು ೧೮೦೦ರಲ್ಲಿ ಬೆಂಗಳೂರಿಗೆ ಬಂದು ಸುತ್ತಿನ ಸೀಮೆಗಳನ್ನು ಸಂಚರಿಸಿದಾಗ ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ, ಕಾಡುಮರಗಳ ದೇಶೀಯ ನಾಮಗಳನ್ನೂ ಗುರುತುಹಾಕಿಕೊಂಡನು. ಬೆಂಗಳೂರಿನ ಕೋಟೆಯಿಂದ ಒಂದೆರಡು ದಿನದ ದಾರಿಯಲ್ಲಿಯೇ ಕಬ್ಬಿಣವೂ ಉಕ್ಕೂ ಮರವೂ ಕುಶಲ ಕೈಗಳೂ ಇದ್ದವೆಂಬುದು ಅವನ ಬರೆಹದಿಂದ ಸಿದ್ಧವಾಗುತ್ತದೆ. ಬೆಂಗಳೂರಿನ ತಾರಾಮಂಡಲಪೇಟೆಯು ಬಾಣಗಳ ಕೆಲಸಕ್ಕೆ ಹೆಸರಾದದ್ದು ಆಕಸ್ಮಿಕವಲ್ಲ.

ಮರವನ್ನು ಆರಿಸುವ ವಿಷಯದಲ್ಲಿ ವರಾಹಮಿಹಿರನ ಬೃಹತ್ಸಂಹಿತೆಯ ವನಸಂಪ್ರವೇಶಾಧ್ಯಾಯವನ್ನು ಇಲ್ಲಿ ನೆನೆಯಬಹುದು. ಪ್ರತಿಮೆಗಾಗಿ ಮರ ಕಡಿಯುವವನು ಸಿಡಿಲು ಬಡಿದುದನ್ನೂ, ಗಾಳಿಗೆ ಮುರಿದುದನ್ನೂ, ಬೆಂಕಿಗೆ ಬೆಂದುದನ್ನೂ ಬಿಡಬೇಕೆಂದು ಅಲ್ಲಿ ವಿಧಿಸಿದೆ. ಅಲ್ಲಿ ಇದು ಶಕುನದ ಮಾತು. ಕೋವಿಯ ಬಡಗಿಗಾದರೋ ಇದು ಪ್ರಾಣದ ಮಾತು. ಅಂಥ ಮರಗಳ ಒಡಲಲ್ಲಿ ಹೊರಗೆ ಕಾಣದ ಬಿರುಕುಗಳಿರುತ್ತವೆ. ಮೊದಲ ಹೊಡೆತಕ್ಕೆ ಅವು ಬಾಯಿಬಿಡುತ್ತವೆ.

೬

ಮರ ಕೋವಿಯಾಗುವ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇವೆ. ಈ ಕ್ರಮ ದೇಶಕಾಲಗಳಿಂದ ಹೆಚ್ಚಾಗಿ ಬದಲಾಗಿಲ್ಲ.

ಮೊದಲನೆಯದು ಹಲಗೆಯ ಪರೀಕ್ಷೆ. ಚೇಗಿನ ಭಾಗದಿಂದ ಸೀಳಿದ ದಪ್ಪ ಹಲಗೆಯನ್ನು ನೆರಳಿನಲ್ಲಿ ವರ್ಷಗಟ್ಟಲೆ ಒಣಗಿಸುತ್ತಾರೆ. ಒಣಗಿದ ಹಲಗೆಯ ಮೇಲೆ ಆಕಾರವನ್ನು ಬರೆಯುವಾಗ ಬಡಗಿಯ ಕಣ್ಣು ಮಣಿಕಟ್ಟಿನ ಮೇಲೆ ಇರುತ್ತದೆ. ಇಡೀ ಮರದಲ್ಲಿ ಅತಿ ಸಣ್ಣದಾದ ಜಾಗ ಅದು. ಒದೆತದ ಬಲವೆಲ್ಲ ಅಲ್ಲಿಂದಲೇ ಹಾದುಹೋಗಬೇಕು. ಎಳೆಗಳು ಅಲ್ಲಿ ಉದ್ದಕ್ಕೆ ಓಡಿದರೆ ಕೋವಿ ತಲೆಮಾರುಗಳವರೆಗೆ ಬಾಳುತ್ತದೆ. ಅಡ್ಡಕ್ಕೆ ಹಾದರೆ ಅಲ್ಲಿಯೇ ಮುರಿಯುತ್ತದೆ. ಬುಡದಲ್ಲಿ ಎಳೆ ಸುಳಿಸುಳಿಯಾಗಿ ಚೆಲುವಾಗಿರಲಿ, ಮಣಿಕಟ್ಟಿನಲ್ಲಿ ಮಾತ್ರ ಸರಳವಾಗಿರಲಿ ಎಂಬುದು ಈ ಶಿಲ್ಪದ ಮೊದಲ ಸೂತ್ರ.

ಎರಡನೆಯದು ಕೂಡಿಕೆ. ಬಾಚಿ ಗರಗಸಗಳಿಂದ ಹೊರರೂಪವನ್ನು ಒರಟಾಗಿ ತೆಗೆದ ಮೇಲೆ, ನಯಗೊಳಿಸುವುದಕ್ಕೆ ಮೊದಲೇ ನಳಿಗೆಯನ್ನೂ ಕುದುರೆಯ ಯಂತ್ರವನ್ನೂ ಮರದೊಳಗೆ ಇಳಿಸಬೇಕು. ನಳಿಗೆಯ ಅಡಿಗೆ ದೀಪದ ಮಸಿಯನ್ನು ತೆಳ್ಳಗೆ ಸವರಿ ಮರದಲ್ಲಿ ಇಟ್ಟು ತೆಗೆದರೆ, ಎಲ್ಲಿ ಮಸಿ ಹತ್ತಿತೋ ಅಲ್ಲಿ ಮರ ಹೆಚ್ಚಾಗಿದೆಯೆಂದು ಅರ್ಥ. ಅಷ್ಟನ್ನು ಮಾತ್ರ ಉಳಿಯಿಂದ ಕೆರೆದು ಮತ್ತೆ ಇಡಬೇಕು. ಹೀಗೆ ಹತ್ತಾರು ಸಲ ಅಲ್ಲ, ನೂರಾರು ಸಲ. ಕಡೆಗೆ ನಳಿಗೆಯ ಹಿಂಬದಿ ಮರಕ್ಕೆ ಎಲ್ಲೆಡೆಯೂ ಸಮವಾಗಿ ಒತ್ತಿ ಕುಳಿತಾಗ, ಮಸಿ ಎಲ್ಲೆಡೆಯೂ ಒಂದೇ ಬಣ್ಣವಾಗಿ ಹತ್ತುತ್ತದೆ. ಒಂದೆಡೆ ಮಾತ್ರ ಒತ್ತಿದರೆ ಅದೇ ಬೆಣೆಯಾಗಿ ಮರವನ್ನು ಸೀಳುತ್ತದೆ. ಹೊರಗಿನ ನಯವನ್ನು ಎಲ್ಲರೂ ನೋಡುತ್ತಾರೆ. ಕೋವಿಯನ್ನು ಕಾಪಾಡುವುದು ಯಾರಿಗೂ ಕಾಣದ ಈ ಒಳಗಿನ ಕೂಡಿಕೆ.

ಮೂರನೆಯದು ಅಳತೆ. ಕುದುರೆಯನ್ನು ಎಳೆಯುವ ಬೆರಳಿನಿಂದ ಬುಡದ ಕೊನೆಯವರೆಗಿನ ದೂರ ಸಾಧಾರಣವಾಗಿ ಹದಿಮೂರುವರೆಯಿಂದ ಹದಿನಾಲ್ಕುವರೆ ಇಂಚು. ಮೊಳಕೈಯನ್ನು ಮಡಿಸಿ, ಅದರ ಒಳಸಂದಿಯಿಂದ ತೋರುಬೆರಳಿನ ಗೆಣ್ಣಿನವರೆಗೆ ಅಳೆದು ಇದನ್ನು ಗೊತ್ತುಮಾಡುವುದು ಹಳೆಯ ರೂಢಿ. ಉದ್ದ ಹೆಚ್ಚಾದರೆ ಬುಡ ಕಂಕುಳಿಗೆ ತೊಡರುತ್ತದೆ. ಕಡಮೆಯಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕೊರಳು ಉದ್ದವಾದವನಿಗೆ ಬುಡವನ್ನು ಇನ್ನಷ್ಟು ಇಳಿಸಬೇಕು. ಎದೆ ಅಗಲವಾದವನಿಗೆ ಅದನ್ನು ಸ್ವಲ್ಪ ಹೊರಕ್ಕೆ ವಾಲಿಸಬೇಕು. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ತಂದು ಕಣ್ಣು ತೆರೆದಾಗ ಗುರಿಬಿಂದು ತಾನಾಗಿಯೇ ದೃಷ್ಟಿಯ ನೇರಕ್ಕೆ ನಿಂತಿರಬೇಕು. ಹಾಗಾದರೆ ಮರ ಹೊಂದಿತು.

ವೈದಿಕ ಕರ್ಮವನ್ನು ಬಲ್ಲವರಿಗೆ ಇದರಲ್ಲಿ ಪರಿಚಿತವಾದ ಒಂದು ತತ್ತ್ವ ಕಾಣುತ್ತದೆ. ಅಗ್ನಿಚಯನದಲ್ಲಿ ವೇದಿಯ ಅಳತೆಗೆ ಯಜಮಾನನೇ ಮಾನ. ಅವನು ಕೈಗಳನ್ನು ಮೇಲೆತ್ತಿ ನಿಂತಾಗ ಆಗುವ ಎತ್ತರಕ್ಕೆ ಪುರುಷವೆಂದು ಹೆಸರು. ಆ ಉದ್ದದ ಬಿದಿರಿನಿಂದ ನೆಲವನ್ನು ಅಳೆಯಬೇಕೆಂದು ಶುಲ್ಬಸೂತ್ರಗಳು ಹೇಳುತ್ತವೆ. ಅರತ್ನಿಯೆಂಬ ಅಳತೆಯೂ ಮೊಳಕೈಯಿಂದಲೇ ಮೊದಲಾಗುತ್ತದೆ. ಒಬ್ಬನಿಗಾಗಿ ಮಾಡಿದ ವಸ್ತು ಅವನ ಮೈಯ ಅಳತೆಯಿಂದಲೇ ಹುಟ್ಟಬೇಕೆಂಬ ಭಾವ ಶಿಲ್ಪಿಗೂ ಋತ್ವಿಜನಿಗೂ ಸಾಧಾರಣ. ಸೇನೆಯ ಬಂದೂಕು ಸಾವಿರ ಜನರಿಗೆ ಒಂದೇ ಅಳತೆಯದು; ಬಡಗಿಯು ಒಬ್ಬನನ್ನು ನಿಲ್ಲಿಸಿ ಅಳೆದು ಮಾಡಿದ ಕೋವಿಯಲ್ಲಿ ಆ ಒಬ್ಬನ ತೋಳು, ಕೊರಳು, ಎದೆಗಳ ಲೆಕ್ಕ ಉಳಿದಿರುತ್ತದೆ. ಅವನು ಸತ್ತ ಮೇಲೂ ಉಳಿದಿರುತ್ತದೆ.

೭

ಕಡೆಯದು ಮೆರುಗು. ಅರದಿಂದಲೂ ಉಪ್ಪುಕಾಗದದಿಂದಲೂ ಉಜ್ಜಿ ನಯಮಾಡಿದ ಮರಕ್ಕೆ ಒದ್ದೆ ಬಟ್ಟೆಯನ್ನು ಸವರಿದರೆ, ಒತ್ತಿಕೊಂಡಿದ್ದ ಸಣ್ಣ ನಾರುಗಳೆಲ್ಲ ರೋಮಾಂಚವಾದಂತೆ ಎದ್ದುನಿಲ್ಲುತ್ತವೆ. ಒಣಗಿಸಿ ಅವನ್ನು ಮತ್ತೆ ಉಜ್ಜಬೇಕು. ನೀರು ಸೋಕಿದರೂ ನಾರು ಏಳದಂತಾಗುವವರೆಗೆ ಹೀಗೆ ಮಾಡಬೇಕು. ಇಲ್ಲದಿದ್ದರೆ ಮೊದಲ ಮಳೆಯಲ್ಲಿಯೇ ಮರ ಒರಟಾಗುತ್ತದೆ.

ಆಮೇಲೆ ಅಗಸೆಯ ಎಣ್ಣೆ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳು ಈ ಕೆಲಸಕ್ಕೆ ಬರುವುದಿಲ್ಲ. ಅವು ಒಣಗದೆ ಜಿಡ್ಡಾಗಿಯೇ ಉಳಿಯುತ್ತವೆ. ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಅದನ್ನು ಅಂಗೈಯಿಂದಲೇ ತಿಕ್ಕಬೇಕು. ಅಂಗೈಯ ಬಿಸಿಗೆ ಎಣ್ಣೆ ಮರದೊಳಕ್ಕೆ ಇಳಿಯುತ್ತದೆ. ದಿನಕ್ಕೊಮ್ಮೆ ಒಂದು ವಾರ, ವಾರಕ್ಕೊಮ್ಮೆ ಒಂದು ತಿಂಗಳು, ತಿಂಗಳಿಗೊಮ್ಮೆ ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಎಂದೆಂದಿಗೂ ಎಂಬುದು ಪಾಶ್ಚಾತ್ಯ ಕೋವಿಗಾರರ ನಿಯಮ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಬಿಟ್ಟರೆ ಅದು ತನ್ನ ಕಾವಿನಿಂದ ತಾನೇ ಹೊತ್ತಿಕೊಳ್ಳುವುದುಂಟು. ಆದಕಾರಣ ಅದನ್ನು ಬಿಡಿಸಿ ಹರಡಬೇಕು.

ನಮ್ಮ ದೇಶದಲ್ಲಿ ಮರಕ್ಕೆ ಅರಗಿನ ಮೆರುಗು ಕೊಡುವ ಸಂಪ್ರದಾಯವುಂಟು. ಚನ್ನಪಟ್ಟಣದ ಬೊಂಬೆಗಳೇ ಅದಕ್ಕೆ ನಿದರ್ಶನ. ಅರಗು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಮಳೆಯಲ್ಲಿ ತೊಯ್ದರೆ ಬಿಳುಪೇರುತ್ತದೆ, ಕಲ್ಲಿಗೆ ತಾಗಿದರೆ ಎದ್ದುಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಡುವ ಕೋವಿಗೆ ಅರಗು ಶೋಭಿಸೀತು. ಕಾಡಿಗೆ ಹೋಗುವುದಕ್ಕೆ ಎಣ್ಣೆಯೇ ಸರಿ. ಎಣ್ಣೆಯ ಮೆರುಗು ಗೀಚಿಹೋದರೆ ಒಂದು ತೊಟ್ಟು ಎಣ್ಣೆಯಿಂದಲೇ ಅದನ್ನು ಮತ್ತೆ ಸರಿಪಡಿಸಬಹುದು. ಒಂದು ಮಾಡಿ ಮುಗಿಸಿದ ಅಲಂಕಾರ, ಮತ್ತೊಂದು ಮುಗಿಯದ ಉಪಚಾರ. ಕೋವಿಯ ಮರವು ಎರಡನೆಯ ಜಾತಿಗೆ ಸೇರಿದುದು.

೮

ಇಂಥ ಉಪಚಾರ ನಮ್ಮ ನಾಡಿನಲ್ಲಿ ಇಂದಿಗೂ ಆಚಾರವಾಗಿ ಉಳಿದಿರುವ ಸೀಮೆ ಕೊಡಗು. ಅಲ್ಲಿ ಕೋವಿಗೆ ತೋಕ್ ಎಂದು ಹೆಸರು. ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ ಕತ್ತಿಗಳನ್ನು ಶುದ್ಧಮಾಡಿ, ಗಂಧವನ್ನು ಹಚ್ಚಿ, ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ನಿಘಂಟುಗಳ ಲಾಂಗಲೀ, ಅಗ್ನಿಶಿಖೆಗಳೇ ಈ ಹೂವು. ಕೆಂಪು ಹಳದಿ ಎಸಳುಗಳ ಇದನ್ನು ಕನ್ನಡದಲ್ಲಿ ಕೋವಿ ಹೂವೆಂದೂ ಕರೆಯುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಪುತ್ತರಿಯಲ್ಲಿ ಹೊಸ ತೆನೆಯನ್ನು ಕೊಯ್ಯುವಾಗಲೂ ಗುಂಡು. ಬಾಳಿನ ಮೊದಲಿಗೂ ಕಡೆಗೂ ಸಾಕ್ಷಿಯಾಗುವ ವಸ್ತು ಆಯುಧಮಾತ್ರವಲ್ಲ. ಅದು ಮನೆಯ ಒಬ್ಬ ಹಿರಿಯನಂತೆ.

ಶಸ್ತ್ರಗಳನ್ನು ಕಸಿದುಕೊಳ್ಳುವ ಕಾನೂನು ದೇಶಕ್ಕೆಲ್ಲ ಬಂದಾಗ, ಮೈಸೂರು ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ೧೮೬೧ರಲ್ಲಿ ಕೊಡವರನ್ನು ಅದರಿಂದ ಬಿಟ್ಟರು. ೧೮೭೮ರ ಮತ್ತು ೧೯೫೯ರ ಶಸ್ತ್ರ ಕಾನೂನುಗಳ ಕೆಳಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ನಡೆದುಬಂದಿದೆ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿಯಿಂದ ಚರಿತ್ರೆಗೆ ಆದ ಉಪಕಾರವನ್ನು ನಾವು ಗಮನಿಸಬೇಕು. ಬೇರೆ ಸೀಮೆಗಳಲ್ಲಿ ಹಳೆಯ ಕೋವಿಗಳು ಸರ್ಕಾರದ ವಶವಾಗಿ ನಾಶವಾದಲ್ಲಿ ಇಲ್ಲಿ ಅವು ಮನೆಯೊಳಗೆ, ತಂದೆಯ ಕೈಯಿಂದ ಮಗನ ಕೈಗೆ ಬರುತ್ತ ಉಳಿದವು. ವರ್ಷದ ಪೂಜೆಯೇ ವರ್ಷದ ಪರೀಕ್ಷೆಯೂ ಆಗಿ ಮರವನ್ನು ಹುಳುವಿನಿಂದ ಕಾಯಿತು.

ಆದರೂ ಹೊಸ ಮರವನ್ನು ಕಡೆಯುವ ಕೆಲಸ ಎಲ್ಲೆಡೆಯೂ ಕ್ಷೀಣಿಸಿದೆ. ೧೯೭೨ರ ವನ್ಯಜೀವಿ ಕಾನೂನಿನಿಂದ ಬೇಟೆ ನಿಂತಿತು, ನಿಂತದ್ದು ಯುಕ್ತವೇ. ಬೀಟೆಯ ಇಡೀ ಕುಲ ೨೦೧೭ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿದೆ, ಅದೂ ಯುಕ್ತವೇ. ಬಹುಕಾಲ ನಮ್ಮ ಸಿಪಾಯಿ ಪೊಲೀಸರ ಹೆಗಲಿನಲ್ಲಿದ್ದ ೩೦೩ ರೈಫಲಿನ ಮರದ ಬುಡ ಹೋಗಿ, ಇನ್ಸಾಸ್ ರೈಫಲಿನೊಡನೆ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನ ಬುಡ ಬಂತು. ಅದು ಒದ್ದೆಯಾಗದು, ಬಿರಿಯದು, ಎಣ್ಣೆ ಬೇಡದು. ಒಬ್ಬನ ಅಳತೆಯನ್ನೂ ಕೇಳದು.

೯

ಹೇಳಬೇಕಾದ ಮಾತು ಇಷ್ಟು. ಕೋವಿಗಳು ಹೆಚ್ಚಬೇಕೆಂದಾಗಲಿ ಬೇಟೆ ಮರಳಿ ಬರಬೇಕೆಂದಾಗಲಿ ನಮ್ಮ ಆಶಯವಲ್ಲ. ಲೋಹದ ಮೇಲೆ ಹೆಸರು ಕೊರೆಸಿಕೊಂಡವರ ಚರಿತ್ರೆ ಪುಸ್ತಕಗಳಲ್ಲಿ ಭದ್ರವಾಗಿದೆ. ಮರವನ್ನು ಕಡೆದವರು ಹೆಸರನ್ನು ಬಿಟ್ಟುಹೋಗಲಿಲ್ಲ. ಬಾಗನ್ನೂ ಅಳತೆಯನ್ನೂ ಕೂಡಿಕೆಯನ್ನೂ ಕೆಲವು ಮಾತುಗಳನ್ನೂ ಬಿಟ್ಟುಹೋದರು. ಇವುಗಳನ್ನು ಓದಲು ಕಲಿತರೆ, ಗ್ರಂಥದ ಕಾಲವನ್ನೂ ಕಂಡುಹಿಡಿಯಬಹುದು, ನಾಡಿಗೆ ಕೋವಿ ಬಂದ ದಾರಿಯನ್ನೂ ಗುರುತಿಸಬಹುದು ಎಂಬುದನ್ನು ಮೇಲೆ ತೋರಿಸಿದ್ದೇವೆ.

ನಮ್ಮ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣವಾಯಿತು. ಕಾವ್ಯಶಾಸನಗಳ ಪದಗಳಿಗೆ ಅದು ಭದ್ರವಾದ ಆಶ್ರಯ. ಕಾವ್ಯಕ್ಕೆ ಏರದ, ಶಾಸನಕ್ಕೆ ಇಳಿಯದ ಪದಗಳಿಗೆ ಆಶ್ರಯ ಮುದುಕರ ನಾಲಗೆ ಮಾತ್ರ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಕೆಲಸಮಾಡುವ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ನಿಮ್ಮ ಊರಿನಲ್ಲಿ ಕೋವಿಗೆ ಮರ ತೊಡಿಸಿದ ಹಿರಿಯ ಆಚಾರಿಯೊಬ್ಬರು ಇದ್ದರೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಸಂಜೆ ಅವರ ಜಗುಲಿಗೆ ಹೋಗಿ ಕುಳಿತುಕೊಳ್ಳಿರಿ. ಮಣಿಕಟ್ಟಿಗೆ ಅವರು ಏನೆನ್ನುತ್ತಾರೆ, ಎಳೆ ಅಡ್ಡ ಹೋದರೆ ಏನೆನ್ನುತ್ತಾರೆ, ಮಸಿ ಸಮವಾಗಿ ಹತ್ತಿದಾಗ ಅವರ ಬಾಯಿಂದ ಬರುವ ಮಾತೇನು ಎಂಬುದನ್ನು ಅವರ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಿರಿ. ನಾವು ಇಲ್ಲಿ ಬಳಸಿದ ಮಣಿಕಟ್ಟು ಎಂಬ ಮಾತಿಗಿಂತ ಮೇಲಾದ ಮಾತು ಅವರಲ್ಲಿ ದೊರೆತರೆ, ನಮ್ಮದನ್ನು ಬಿಟ್ಟು ಅದನ್ನೇ ನಿಘಂಟಿಗೆ ಏರಿಸುವುದು ನ್ಯಾಯ.